ದೊಡ್ಡ ಪಟ್ಟಿ

ಶಿರಗುಪ್ಪಿಯಲ್ಲಿ ಕಬ್ಬಿನ ಟ್ರಾಲಿ ಮೇಲಿಂದ ಬಿದ್ದು ಬೆನ್ನೆಲುಬು ಮುರಿದುಕೊಂಡವನಿಗೆ ನಮ್ಮ ಡಾಕ್ಟರರು ಆರೇ ಆರು ಸಣ್ಣ ತೂತು ಮಾಡಿ, ಒಳಗೆ ಸ್ಕ್ರೂ, ರಾಡು ಕೂರಿಸಿದ್ದರು. ಮೂರು ತಿಂಗಳು ಭಾರ ಎತ್ತಬೇಡ ಎಂದಿದ್ದರು. ಹೊಲಿಗೆ ಬಿಚ್ಚುವ ದಿನ ಅವನು ನನ್ನ ಕೈ ಹಿಡಿದುಕೊಂಡ.

“ಸಿಸ್ಟರ್, ಇಷ್ಟ ಸಣ್ಣ ಗಾಯ ನೋಡಿದ್ರ ನಮ್ಮ ಕಬ್ಬು ಕಡಿಯೋ ಗ್ಯಾಂಗ್ ನಡಸೋ ಮುಕಾದಮ ನಂಬಾಂಗಿಲ್ರಿ. ಪಟ್ಟಿ ಜರಾ ದೊಡ್ಡದ ಹಚ್ರಿ.”

ಕನಿಕರ ಬಂತು. ಹೆಗಲಿನಿಂದ ಸೊಂಟದವರೆಗೆ ಸುತ್ತಿ ಕಳಿಸಿದೆ.

ತಿಂಗಳೊಳಗೆ ಆ ಮುಕಾದಮನೇ ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಬಂದ. ರಾಡು ಕಿತ್ತುಹೋಗಿತ್ತು. ಕಾಲು ಎರಡೂ ಆಡುತ್ತಿರಲಿಲ್ಲ.

“ಅಷ್ಟ ದೊಡ್ಡ ಪಟ್ಟಿ ಬಿಚ್ಚಿ ನೋಡಿದ್ರ ಒಳಗ ಏನೂ ಇರಲಿಲ್ರಿ,” ಎಂದ ಮುಕಾದಮ. “ನಾಟಕ ಮಾಡಾಕತ್ತಾನಂತ ತಿಳದ ಕಬ್ಬು ಹೊರಿಸಿದ್ನಿರಿ.”

ನಾನು ಮಲಗಿದ್ದವನ ಅಂಗಿ ಎತ್ತಿ ನೋಡಿದೆ. ಆರೂ ಗಾಯ ಮಾತ್ರ ಚಂದಾಗಿ ಮಾಯ್ದಿದ್ದವು.