ತೇರ್ಸಿನ ಹೊತ್ತಿಗೆ ಹೋಗುತ್ತಿದ್ದ ಲೈನು

ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ತೇರ್ಸ್ ಶುರುವಾಗುತ್ತದೆ. ಜಪಸರ ಹಿಡಿದು ಮನೆಮಂದಿಯೆಲ್ಲ ಒಟ್ಟಿಗೆ ಹೇಳುವ ಪ್ರಾರ್ಥನೆ ಅದು. ಕಾಪು ಪೇಟೆಯಿಂದ ಸ್ವಲ್ಪ ಒಳಗಿರುವ ಈ ಮನೆಗೆ ನಾನು ಸೊಸೆಯಾಗಿ ಬಂದ ಮೇಲೆ ಅದು ತಪ್ಪಿದ್ದು ಬಹಳ ಕಡಿಮೆ. ಕಳೆದ ಮಳೆಗಾಲ ಮುಗಿಯುವಾಗ ಅದೇ ಏಳು ಗಂಟೆಗೆ ಇನ್ನೊಂದು ಸಂಗತಿಯೂ ತಪ್ಪದೆ ಆಗತೊಡಗಿತು. ನನ್ನ ಸೊಸೆಯ ಇಂಟರ್ನೆಟ್ ಹೋಗುತ್ತಿತ್ತು.

ಅವಳಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ. ಡಾಕ್ಟರುಗಳು ಮಾತಾಡಿ ಕಳುಹಿಸಿದ ರಿಪೋರ್ಟುಗಳನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡಬೇಕು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ನನ್ನ ಮಗ ದುಬೈಯಲ್ಲಿದ್ದಾನೆ, ಮಗುವಿಗೆ ಆಗ ಎಂಟು ತಿಂಗಳು. ಅದಕ್ಕಾಗಿ ಮನೆಯಿಂದಲೇ ಮಾಡಲು ಬಿಟ್ಟಿದ್ದರು. ಅವಳು ಮಾಳಿಗೆಯಲ್ಲಿ ಕುಳಿತು ಕೆಲಸ ಮಾಡುವಳು; ಮಗು ಅತ್ತರೆ ನಾನು ಮೇಲೆ ಎತ್ತಿಕೊಂಡು ಹೋಗಿ, ಅವಳು ಹಾಲು ಕುಡಿಸಿ ಆದ ಮೇಲೆ ಮತ್ತೆ ಕೆಳಗೆ ತರುವೆನು. ಲೈನು ದಿನವೂ ಕಡಿಯುತ್ತದೆ ಎಂದು ಕಚೇರಿಯಿಂದ ಎರಡು ಸಲ ಎಚ್ಚರಿಕೆ ಬಂತು. ಮೂರನೆಯ ಸಲ, ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಕಚೇರಿಗೇ ಬರಬೇಕು ಎಂದರು. ರಾತ್ರಿ ಹತ್ತಕ್ಕೆ ಮಣಿಪಾಲದಿಂದ ಹೊರಟರೆ ನಮ್ಮ ಒಳದಾರಿಗೆ ಯಾವ ಬಸ್ಸು ಉಂಟು? ಹಾಲು ಕುಡಿಯುವ ಮಗುವನ್ನು ಬಿಟ್ಟು ಹೋಗುವುದಾದರೂ ಹೇಗೆ? ಕೆಲಸ ಬಿಡಬೇಕು ಎಂದೇ ಅದರ ಅರ್ಥ. ಅವಳು ಊಟಕ್ಕೆ ಕುಳಿತಾಗ ಗಂಜಿ ಬಟ್ಟಲಲ್ಲಿ ಚಮಚ ಸುಮ್ಮನೆ ತಿರುಗುತ್ತಿತ್ತು.

ಇಂಟರ್ನೆಟ್ಟಿನ ಪೆಟ್ಟಿಗೆ ಇದ್ದದ್ದು ಚಾವಡಿಯಲ್ಲಿ, ದೇವರ ಪಟಗಳನ್ನಿಟ್ಟ ಆಲ್ತಾರಿನ ಮೇಲಿನ ಹಲಗೆಯಲ್ಲಿ. ಮಳೆಗಾಲದ ಕೊನೆಗೆ ಅದನ್ನು ಹಾಕಲು ಬಂದ ಲೈನಿನವರು ಮನೆಯ ನಡುವೆ, ಎತ್ತರದಲ್ಲಿ ಇಡಬೇಕು ಎಂದಿದ್ದರು. ಯಾರೂ ಆರಿಸದ ಸ್ವಿಚ್ಚು ಯಾವುದು ಎಂದೂ ಕೇಳಿದ್ದರು. ನಾನು ಯೇಸುವಿನ ಪಟದ ಮುಂದಿನ ಕೆಂಪು ಬಲ್ಬು ತೋರಿಸಿ, ಈ ದೀಪ ನಮ್ಮಲ್ಲಿ ಹಗಲು ರಾತ್ರಿ ಆರುವುದಿಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಅದೇ ಸ್ವಿಚ್ಚಿನಿಂದ ಪೆಟ್ಟಿಗೆಗೂ ಕರೆಂಟು ಕೊಟ್ಟರು. ಅದರ ನಾಲ್ಕು ಹಸಿರು ಕಣ್ಣುಗಳು ಪ್ರಾರ್ಥನೆಯ ಹೊತ್ತಿಗೆ ಮಿಟುಕುವುದು ನನಗೆ ಸರಿ ಕಾಣಲಿಲ್ಲ. ನಾನೇ ಹೆಣೆದ ಒಂದು ಕ್ರೋಶಾ ಬಟ್ಟೆ ಹೊದಿಸಿದೆ.

ಲೈನು ಹೋಗತೊಡಗಿದ ಮೇಲೆ ಅದೇ ಲೈನಿನವರನ್ನು ಕರೆಸಿದೆವು. ಅವರು ಬಂದದ್ದು ಬೆಳಿಗ್ಗೆ. ಆಗ ಎಲ್ಲವೂ ಚೆನ್ನಾಗಿಯೇ ಇತ್ತು. ಅವರು ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು.

"ಇದು ದಪ್ಪ ಮುರಕಲ್ಲಿನ ಗೋಡೆ ಅಲ್ವಾ ಬಾಯಮ್ಮ. ವೈಫೈ ಗಾಳಿಯಲ್ಲಿ ಹೋಗುವಂಥದ್ದು. ಸ್ಪೀಡ್ ಎಷ್ಟು ಬೇಕಾದರೂ ಉಂಟು, ಆದರೆ ಅದಕ್ಕೆ ಎಲ್ಲವೂ ಅಡ್ಡ. ಸಂಜೆ ಆಚೀಚೆ ಮನೆಯವರದ್ದೂ ಶುರುವಾಗ್ತದೆ, ಒಂದಕ್ಕೊಂದು ತಾಗ್ತದೆ. ವಯರು ಎಳೆದರೆ ಆ ತಂಟೆ ಇಲ್ಲ."

ಗಾಳಿಯಲ್ಲಿ ಹೋಗುವಂಥದ್ದಕ್ಕೆ ಗೋಡೆ ಹೇಗೆ ಅಡ್ಡವಾಗುತ್ತದೆ, ಅಡ್ಡವಾಗುವುದಾದರೆ ಮಧ್ಯಾಹ್ನ ಹೇಗೆ ದಾಟುತ್ತದೆ, ಗೋಡೆ ಸಂಜೆ ದಪ್ಪವಾಗುತ್ತದೆಯೇ? ಕೇಳಬೇಕೆಂದು ಬಾಯಿಯ ತನಕ ಬಂತು. ತಿಳಿಯದವಳು ಎಂದುಕೊಂಡಾರು ಎಂದು ಸುಮ್ಮನಾದೆ. ಅವರು ಮಾಳಿಗೆಯ ಹಲಗೆಗೆ ತೂತು ಕೊರೆದು, ಪೆಟ್ಟಿಗೆಯಿಂದ ಸೊಸೆಯ ಕಂಪ್ಯೂಟರಿನವರೆಗೆ ನೀಲಿ ವಯರು ಎಳೆದು ಹೋದರು.

ಆ ಸಂಜೆ ಏಳಕ್ಕೆ ನಾವು ಮೊಣಕಾಲೂರಿದೆವು. ಮೇಲೆ ಲೈನು ಹೋಯಿತು.

ತೇರ್ಸ್ ನಡೆಯುವಾಗ ಆಲ್ತಾರಿನ ಮುಂದೆ ಯಾರೂ ಹಾದುಹೋಗಬಾರದು, ನಡುವೆ ಮಾತಾಡಬಾರದು. ಅದು ನನ್ನ ಅತ್ತೆ ಹಾಕಿದ ನಿಯಮ. ಅವರನ್ನು ನಾನು ಮಾಂಯ್ ಎಂದು ಕರೆಯುತ್ತೇನೆ. ಈಗ ಕುರ್ಚಿಯಲ್ಲೇ ಕುಳಿತು ಜಪ ಹೇಳುತ್ತಾರೆ. ಸೊಸೆ ಮೆಟ್ಟಿಲ ಅರ್ಧದವರೆಗೆ ಇಳಿದು ಬಂದು ನಿಲ್ಲುತ್ತಿದ್ದಳು. ನಾವು ಮುಗಿಸಿ ಎದ್ದ ಸ್ವಲ್ಪ ಹೊತ್ತಿಗೆ ಲೈನು ತಾನಾಗಿ ಬರುತ್ತಿತ್ತು. ಬಂದ ಮೇಲೆ ಹುಡುಕುವುದು ಏನನ್ನು?

ಗಾಳಿಯಲ್ಲೂ ಇಲ್ಲ, ವಯರಿನಲ್ಲೂ ಇಲ್ಲ ಎಂದಾದ ಮೇಲೆ ನನಗೆ ಉಳಿದದ್ದು ಒಂದೇ ದಾರಿ. ಅಕ್ಟೋಬರ್ ಜಪಸರದ ತಿಂಗಳು. ತೇರ್ಸಿನ ಕೊನೆಗೆ ಸೊಸೆಯ ಕೆಲಸಕ್ಕಾಗಿ ಮರಿಯ ಮಾತೆಗೆ ಹೇಳುವ ನಮಾನ್ ಮೊರಿಯೆ ಜಪ ಐದು ಸೇರಿಸಿದೆ. ಆಮೇಲೆ ಹತ್ತು. ಆಮೇಲೆ ಮಾತೆಯ ಹೆಸರುಗಳನ್ನೆಲ್ಲ ಸಾಲಾಗಿ ಹೇಳುವ ಲದಿನು, ಪೂರ್ತಿ. ಇಪ್ಪತ್ತು ನಿಮಿಷ ಹೋಗುತ್ತಿದ್ದ ಲೈನು ಅರ್ಧ ಗಂಟೆ ಹೋಗತೊಡಗಿತು. ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದೆ ಮಮ್ಮಿ ಎಂದು ಸೊಸೆ ಹೇಳಿದಾಗ ನಾನು ಇನ್ನೂ ಐದು ಸೇರಿಸಿದೆ.

ತಿಂಗಳು ಮುಗಿಯಲು ಒಂದು ವಾರವಿತ್ತು. ಕಾರ್ಕಳದ ಹತ್ತಿರದ ಸಂತರ ಪುಣ್ಯಕ್ಷೇತ್ರಕ್ಕೆ ಹರಕೆ ಹೇಳಿದ್ದೆ. ಇಗರ್ಜಿಯ ಇಬ್ಬರು ಹೆಂಗಸರ ಜೊತೆ ಬಸ್ಸಿನಲ್ಲಿ ಹೋಗಿ ಮೇಣದ ಬತ್ತಿ ಒಪ್ಪಿಸಿದೆ. ಹಿಂದೆ ಬರುವಾಗ ಬಸ್ಸು ತಡವಾಗಿ, ಮನೆ ತಲುಪಿದಾಗ ಎಂಟೂವರೆ. ಸೊಸೆ ಮೆಟ್ಟಿಲಿಳಿದು ಬಂದಳು. ಇವತ್ತು ಒಂದು ಸಲವೂ ಕಡಿಯಲಿಲ್ಲ ಎಂದಳು. ನಾನು ಚಪ್ಪಲಿ ಕಳಚುವುದನ್ನೂ ಮರೆತು ಅಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ.

ಮರುದಿನ ಸಂತರಿಗೆ ಕೃತಜ್ಞತೆಯೆಂದು ತೇರ್ಸನ್ನು ಇನ್ನೂ ಉದ್ದ ಮಾಡಿದೆ. ಲೈನು ನಲವತ್ತು ನಿಮಿಷ ಹೋಯಿತು.

ನನಗೆ ತಲೆಯೇ ಓಡಲಿಲ್ಲ. ಸಂತರು ಒಂದೇ ದಿನದ ಮಟ್ಟಿಗೆ ಕೃಪೆ ಮಾಡುವವರೇ? ಹರಕೆಯಲ್ಲಿ ಎಲ್ಲಿ ತಪ್ಪಿದೆ? ಬತ್ತಿ ಸಣ್ಣದಾಯಿತೇ?

ಅದರ ಮರುದಿನ ಮೇಣ ತಾಗಿದ ಕ್ರೋಶಾ ಬಟ್ಟೆಯನ್ನು ತೊಳೆಯಲು ಹಾಕಿದ್ದೆ. ಪೆಟ್ಟಿಗೆ ಹಲಗೆಯ ಮೇಲೆ ಬರಿದಾಗಿ ಕುಳಿತಿತ್ತು. ಏಳಕ್ಕೆ ಬತ್ತಿ ಹಚ್ಚಿದೆ. ಎಡಗೈ ಎಂದಿನಂತೆ ಗೋಡೆಗೆ ಹೋಗಿ ಬಲ್ಬಿನ ಸ್ವಿಚ್ಚು ತೆಗೆಯಿತು. ನಾಲ್ಕು ಹಸಿರು ಕಣ್ಣುಗಳೂ ಒಟ್ಟಿಗೆ ಮುಚ್ಚಿದವು. ಮೇಲೆ ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು.

ಬತ್ತಿ ಉರಿಯುವಾಗ ಬಲ್ಬು ಇರಬಾರದು, ತೇರ್ಸಿಗೆ ನಿಜವಾದ ಬೆಂಕಿಯೇ ಆಗಬೇಕು ಎಂಬುದು ಮಾಂಯ್ ಅವರ ಇನ್ನೊಂದು ನಿಯಮ. ವರ್ಷಗಟ್ಟಲೆ ನನ್ನ ಕೈ ಆ ಸ್ವಿಚ್ಚು ತೆಗೆಯುತ್ತಿತ್ತು, ತೇರ್ಸ್ ಮುಗಿದಾಗ ಮತ್ತೆ ಹಾಕುತ್ತಿತ್ತು. ದೀಪ ಆರಿಸುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ದೊಡ್ಡ ದೀಪ ಬಂದಾಗ ಸಣ್ಣದು ಪಕ್ಕಕ್ಕೆ ಸರಿದ ಹಾಗೆ, ಅಷ್ಟೆ. ಆ ದೀಪ ಆರುವುದೇ ಇಲ್ಲ ಎಂದು ಲೈನಿನವರಿಗೆ ಹೇಳಿದ್ದು ನಾನು ಸುಳ್ಳೆಂದು ತಿಳಿದು ಹೇಳಿದ್ದಲ್ಲ. ಕಾರ್ಕಳಕ್ಕೆ ಹೋದ ದಿನ ಮಾಂಯ್ ಕುರ್ಚಿಯಲ್ಲೇ ಒಬ್ಬರೇ ಜಪ ಹೇಳಿದ್ದರು. ಬತ್ತಿ ಹಚ್ಚುವವರು ಇರಲಿಲ್ಲ, ಸ್ವಿಚ್ಚು ಮುಟ್ಟುವವರೂ ಇರಲಿಲ್ಲ.

ತಕ್ಷಣ ಸ್ವಿಚ್ಚು ಹಾಕಿದೆ.

"ಎಂತ, ಬತ್ತಿ ಹಚ್ಚಿ ಆಯಿತಲ್ಲ, ಬಲ್ಬ್ ಯಾಕೆ?" ಮಾಂಯ್ ಕೇಳಿದರು.

ಈ ಮನೆಯಲ್ಲಿ ಮೊದಲ ಬಾರಿಗೆ, ತೇರ್ಸಿನ ಹೊತ್ತಿಗೆ ಆಲ್ತಾರಿನ ಮುಂದೆ ದಾಟಿ ಮೆಟ್ಟಿಲು ಹತ್ತಿದೆ. ಸೊಸೆ ಕಿವಿಯಿಂದ ತಂತಿ ತೆಗೆದು ನನ್ನನ್ನು ನೋಡಿದಳು.

"ನಿನ್ನ ಲೈನು ತೆಗೆಯುತ್ತಿದ್ದದ್ದು ನಾನು ಮಗಾ," ಎಂದೆ. ಸ್ವಿಚ್ಚಿನ ಕಥೆ ಪೂರ್ತಿ ಹೇಳಿದೆ.

ಅವಳು ಕಿವಿಯ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಂದರೆ ಮಮ್ಮಿ, ನೀವು ನನ್ನ ಲೈನಿಗೆ ಪ್ರಾರ್ಥನೆ ಮಾಡಿದಷ್ಟು ಹೊತ್ತೂ ಲೈನ್ ಇರಲಿಲ್ಲ ಅಲ್ವಾ?" ಎಂದಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಕಣ್ಣಲ್ಲಿ ನೀರೂ ಬಂತು. ನನಗೂ ಬಂತು.

ಮರುದಿನ ಮಧ್ಯಾಹ್ನ ಅವಳು ಕಚೇರಿಯ ಹಿರಿಯರಿಗೆ ಫೋನ್ ಮಾಡಿದಾಗ ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದೆ. ಮನೆಯಲ್ಲಿ ಒಂದು ಸ್ವಿಚ್ಚಿನ ತೊಂದರೆ ಇತ್ತು ಸರ್, ಸಿಕ್ಕಿತು, ಇನ್ನು ಆಗುವುದಿಲ್ಲ ಎಂದಳು. ಯಾರ ಕೈ ಎಂದು ಹೇಳಲಿಲ್ಲ. ಅಂದು ನಾನು ಎಣಿಸಿದ ಕೃಪೆಗಳಲ್ಲಿ ಅದು ಮೊದಲನೆಯದು. ತಿಂಗಳ ಕೊನೆಯವರೆಗೆ ನೋಡುತ್ತೇವೆ ಎಂದರಂತೆ ಅವರು. ನೋಡಿದರು. ಮನೆಯಿಂದಲೇ ಮಾಡಿ ಎಂದರು.

ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಗಾಳಿಯದು ಒಳ್ಳೆಯದೋ ವಯರಿನದು ಒಳ್ಳೆಯದೋ ಎಂದು ಲೈನಿನವರನ್ನು ಇನ್ನೊಮ್ಮೆ ಕೇಳಿದರೆ ವಯರೇ ಒಳ್ಳೆಯದು ಎನ್ನುತ್ತಾರೆ. ನನ್ನ ಮನೆಯಲ್ಲಿ ಎರಡೂ ತಪ್ಪಿಲ್ಲದೆ ಬೈಸಿಕೊಂಡವು. ಕಾರ್ಕಳದ ಹರಕೆ ಫಲಿಸಿತೋ, ನಾನು ಮನೆಯಲ್ಲಿ ಇಲ್ಲದ್ದು ಫಲಿಸಿತೋ, ಅದನ್ನೂ ಹೇಳಲಾರೆ.

ಬಲ್ಬು ಇರಬಾರದು ಎಂದು ಮಾಂಯ್ ಹಟ ಬಿಡಲಿಲ್ಲ. ಈಗ ನಾನು ಸ್ವಿಚ್ಚು ಮುಟ್ಟುವುದಿಲ್ಲ. ಬತ್ತಿ ಹಚ್ಚಿ, ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಬಲ್ಬನ್ನೇ ಹೋಲ್ಡರಿನಲ್ಲಿ ಅರ್ಧ ಸುತ್ತು ತಿರುಗಿಸುತ್ತೇನೆ. ಅದು ಆರುತ್ತದೆ. ಹಲಗೆಯ ಮೇಲೆ ಬಟ್ಟೆಯಿಲ್ಲದ ಪೆಟ್ಟಿಗೆ ಮಿಟುಕುತ್ತಲೇ ಇರುತ್ತದೆ. ಪ್ರಾರ್ಥನೆಯ ನಡುವೆ ಒಂದೆರಡು ಸಲ ಕಣ್ಣು ತೆರೆದು ಆ ನಾಲ್ಕನ್ನು ಎಣಿಸಿ ಮತ್ತೆ ಮುಚ್ಚುತ್ತೇನೆ.