ಕೇಳುವವರೇ ಇಲ್ಲದ ಫೋನು

ಸಿದ್ದಾಪುರದ ಮೊಬೈಲ್ ಅಂಗಡಿಯ ಸಲೀಂ ಭಾಯ್ ನನಗೆ ಆರ್ಡರ್ ಪುಸ್ತಕ ತೆಗೆಯಲೂ ಬಿಡಲಿಲ್ಲ.

"ಕಂಪನಿಯವರು ತಯಾರಿಕೆಯನ್ನೇ ಇಳಿಸಿದ್ದಾರಂತೆ ಮಾರಾಯ್ರೇ. ಈ ಫೋನು ಕೇಳುವವರೇ ಇಲ್ಲ," ಎಂದು ವಾಟ್ಸಾಪ್‌ನಲ್ಲಿ ಬಂದ ಸುದ್ದಿ ತೋರಿಸಿದರು.

ಆ ಫೋನನ್ನು ಅಂಗಡಿಗಳಿಗೆ ಮಾರುವುದೇ ನನ್ನ ಕೆಲಸ. "ಬರೀ ಗಾಳಿಸುದ್ದಿ ಭಾಯ್. ನಮ್ಮಲ್ಲಿ ಉಳಿದಿರೋದೇ ನಾಲ್ಕೈದು ಡಬ್ಬ," ಎಂದೆ. ಅವರು ನಂಬಲಿಲ್ಲ.

ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಮನ್ಮನೆ ಹಳ್ಳಿ ಕಡೆಯ ಅಮ್ಮ ಒಬ್ಬರು ಒಳಗೆ ಬಂದು ಅದೇ ಫೋನು ಕೇಳಿದರು.

"ಖಾಲಿಯಾಗಿದೆ ಅಮ್ಮಾ. ನಿಮಗಿಂತ ಮೊದಲೇ ಆರು ಜನ ಹೆಸರು ಬರೆಸಿದ್ದಾರೆ," ಎಂದರು ಭಾಯ್.

"ಎಂತ ಭಾಯ್, ಈಗಷ್ಟೇ ಕೇಳುವವರಿಲ್ಲ ಅಂದ್ರಿ! ಕೊಯ್ಲಿನ ಹೊತ್ತಿಗೆ ನಮ್ಮ ಅಡಿಕೆಗೂ ವ್ಯಾಪಾರಿಗಳು ಹೀಗೇ ಹೇಳ್ತಾರೆ. ಹಾಗೆ ಹೇಳಿದವನೇ ಮರುದಿನ ಚೀಲ ಹಿಡ್ಕೊಂಡು ಅಂಗಳಕ್ಕೆ ಬರ್ತಾನೆ."

ಸಲೀಂ ಭಾಯ್ ನಕ್ಕುಬಿಟ್ಟರು. "ಇಪ್ಪತ್ತು ಬರ್ಕೊಳ್ಳಿ."

ಶಿರಸಿ, ಯಲ್ಲಾಪುರ ಎರಡೂ ಕಡೆ ಇದೇ ಸುದ್ದಿಗೆ ಸೋತು ಬಂದಿದ್ದವ ನಾನು. ಆ ಇಪ್ಪತ್ತನ್ನು ಎರಡೆರಡು ಸಲ ತಿದ್ದಿ, ದಪ್ಪಗೆ ಬರೆದೆ.

ಹೊರಡುವಾಗ ಅಮ್ಮ ನನ್ನತ್ತ ತಿರುಗಿದರು. "ನಿಮ್ಮದೂ ಒಂದು ಸುದ್ದಿ ಇತ್ತಲ್ಲ, ನಾಲ್ಕೈದೇ ಡಬ್ಬ ಉಳಿದಿದೆ ಅಂತ?"

ಹೊರಗೆ ನಿಂತಿದ್ದ ನನ್ನ ವ್ಯಾನು ಅದೇ ಫೋನಿನ ಡಬ್ಬಗಳಿಂದ ಎಷ್ಟು ತುಂಬಿತ್ತೆಂದರೆ, ಬಾಗಿಲು ಮುಚ್ಚಲಾಗದೆ ಹಗ್ಗ ಕಟ್ಟಿದ್ದೆ.