ಕುಚ್ಚಲಕ್ಕಿ ಹೊತ್ತವನು

ಮಕ್ಕಳೇ, ಕಳೆದ ಶುಕ್ರವಾರ ಸಂಘದ ಹಾಲ್‌ನಲ್ಲಿ ನಮ್ಮ ಹಿಮಾಲಯ ಯಾತ್ರೆಯ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದಾಗ ನೀವಿಬ್ಬರೂ ನನ್ನ ಅಕ್ಕಪಕ್ಕ ಕುಳಿತಿದ್ದಿರಿ. ನಮ್ಮ ತಂಡದ ಮುಖಂಡರು ಮೈಕ್ ಹಿಡಿದು ಹೇಳಿದ್ದು ನಿಮಗೂ ಕೇಳಿಸಿತು. "ಡಿಂಗ್‌ಬೊಚೆಯಲ್ಲಿ ನಮ್ಮ ಅಮ್ಮನಿಗೆ ಹುಷಾರು ತಪ್ಪಿತು. ಪಾಪ, ಪ್ರಾಯ ಆಯ್ತಲ್ಲ. ಒಬ್ಬ ಶೆರ್ಪಾನನ್ನು ಜೊತೆಗೆ ಕೊಟ್ಟು ಜಾಗ್ರತೆಯಿಂದ ಕೆಳಗೆ ಕಳಿಸಿದೆವು." ಜನ ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಿ.

ಆ ಅಮ್ಮ ಎಂದರೆ ನಾನೇ, ಮತ್ತು ಅದು ಸುಳ್ಳು. ನಾನು ಎದ್ದು ನಿಂತು ಹೇಳಬೇಕಿತ್ತು. ಆದರೆ ಅಷ್ಟು ಜನರ ಎದುರು ಬಾಯಿ ತೆರೆಯುವ ಅಭ್ಯಾಸ ನನಗಿಲ್ಲ. ಏಳನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವಳು ನಾನು. ಗಂಡ ಬದುಕಿದ್ದಾಗ ನನ್ನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಪಕ್ಕದಲ್ಲಿದ್ದ ನಿಮ್ಮ ಅಪ್ಪ ನನ್ನ ಮುಖ ನೋಡಿ, "ಬಿಡಿ ಅತ್ತೆ, ಎಲ್ಲರ ಎದುರು ಎಂತ ಮಾಡ್ಲಿಕ್ಕಾಗ್ತದೆ?" ಎಂದರು. ಆ ಮುಖಂಡರು ನಿಮ್ಮ ಅಪ್ಪನ ಆಫೀಸಿನಲ್ಲಿ ಅವರಿಗಿಂತ ಮೇಲಿನವರು. ಹಾಗಾಗಿ ಬಿಟ್ಟೆ. ಈಗ ಮನೆಯಲ್ಲಿ ಕುಳಿತು, ಬಾಯಲ್ಲಿ ಬಾರದ್ದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದುವುದು ನಿಧಾನ ಎಂದು ಗೊತ್ತು. ನಿಧಾನವಾಗಿಯೇ ಓದಿ.

ಈ ಕತಾರ್‌ನಲ್ಲಿ ಹತ್ತಲು ಗುಡ್ಡ ಎಲ್ಲಿದೆ? ಯಾತ್ರೆಗೆ ಹೊರಟ ಸಂಘದವರೆಲ್ಲ ದೋಹಾದ ಬಿನ್ ಒಮ್ರಾನ್‌ನ ನಮ್ಮ ಕಟ್ಟಡದ ಮೆಟ್ಟಿಲುಗಳನ್ನೇ ಹತ್ತಿ ಇಳಿದು ತಯಾರಿ ನಡೆಸಿದರು. ರಜೆಯ ದಿನ ದುಖಾನ್ ಕಡೆಗೆ ಕಾರಿನಲ್ಲಿ ಹೋಗಿ ಅಲ್ಲಿನ ಕಲ್ಲುದಿಬ್ಬಗಳ ಮೇಲೆ ಓಡಾಡುತ್ತಿದ್ದರು. ನಿಮ್ಮ ಅಪ್ಪನೂ ಜೊತೆಗಿದ್ದರು. ನಾನು ಅವರ ಹಿಂದೆ ಸುಮ್ಮನೆ ಮೆಟ್ಟಿಲು ಹತ್ತುತ್ತಿದ್ದೆ. ಮುರಕಲ್ಲಿನ ಗುಡ್ಡದಿಂದ ಸೊಪ್ಪಿನ ಹೊರೆ ತಲೆಯ ಮೇಲಿಟ್ಟು ಇಳಿದು ಬೆಳೆದ ಕಾಲು ನನ್ನದು, ಸೋಲುತ್ತಿರಲಿಲ್ಲ. ನಿಮ್ಮ ಅಪ್ಪನಿಗೆ ಮಂಡಿ ನೋವು ಬಂದು ಅವರು ಹಿಂದೆ ಸರಿದಾಗ ಮುಖಂಡರೇ ಮನೆಗೆ ಬಂದು, "ಅಮ್ಮ, ನೀವೇ ಬನ್ನಿ. ನಮಗಿಂತ ಬೇಗ ಹತ್ತುತ್ತೀರಿ ಮಾರ್ರೆ" ಎಂದರು. ಅರುವತ್ತರ ಹತ್ತಿರದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಬೇರೆ ಇರಲಿಲ್ಲ. ಎರಡು ದಿನ ಬಿಟ್ಟು ಅವರು ತಮ್ಮ ಪ್ರೆಶರ್ ಕುಕ್ಕರ್ ಕಳಿಸಿಕೊಟ್ಟರು. ಅಡುಗೆಗೆ ಜನ ಬೇಕಾಗಿತ್ತು.

ನಮ್ಮ ಕರಾವಳಿಯವರ ಹೊಟ್ಟೆಯ ವಿಷಯ ನಿಮಗೆ ಗೊತ್ತೇ ಇದೆ. ಕುಚ್ಚಲಕ್ಕಿ ಗಂಜಿ ಬೀಳದಿದ್ದರೆ ಊಟ ಆದ ಹಾಗೇ ಅಲ್ಲ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಅವರಿಗೆ ಮದುವೆ ಮನೆಗೆ ಮಾತ್ರ. ದಾರಿಯುದ್ದಕ್ಕೂ ಲಾಡ್ಜ್‌ಗಳಲ್ಲಿ ಬಿಸಿಬಿಸಿ ಬೇಳೆ ಸಾರು, ಅನ್ನ ಸಿಗುತ್ತದೆ ಎಂದು ಮೊದಲೇ ಹೇಳಿದ್ದರೂ ಯಾರೂ ಕೇಳಲಿಲ್ಲ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮೂರಿನವರ ಅಂಗಡಿಯಿಂದ ಕುಚ್ಚಲಕ್ಕಿ ತಂದರು. ಎಂಟು ಜನರ ಬ್ಯಾಗಿಗೆ ಎರಡೆರಡು ಕಿಲೋದಂತೆ ಕಟ್ಟಿದವಳು ನಾನೇ. ಒಣ ಸಿಗಡಿ ಚಟ್ನಿ, ಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಆ ಕುಕ್ಕರ್, ಎಲ್ಲವನ್ನೂ ನಾನೇ ಕಟ್ಟಿದೆ. ಇದನ್ನು ಬೆಟ್ಟದ ಮೇಲೆ ಯಾರು ಹೊರುತ್ತಾರೆ ಎಂದು ಆಗ ಯೋಚಿಸಲಿಲ್ಲ.

ಹೊರುವವನು ನಡಿಗೆ ಶುರುವಾಗುವ ಲುಕ್ಲಾದಲ್ಲಿ ಸಿಕ್ಕಿದ. ವಿಮಾನ ಇಳಿದು ಎಲ್ಲರ ಬ್ಯಾಗಿನ ಅಕ್ಕಿಯನ್ನೂ ಒಂದೇ ಚೀಲಕ್ಕೆ ಸುರಿದರು. ಆ ಚೀಲ, ಕುಕ್ಕರ್, ಅದರ ಮೇಲೆ ಇಬ್ಬರ ದೊಡ್ಡ ಬ್ಯಾಗು, ಇಷ್ಟೂ ಒಬ್ಬನ ಬೆನ್ನಿಗೆ. ನಲುವತ್ತೈದರ ಗಂಡಸು, ಸಣ್ಣ ಮೈ. ಬುಟ್ಟಿಗೆ ಹಗ್ಗ ಬಿಗಿದು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ಬಗ್ಗಿ ಎದ್ದು ನಿಂತ. ನಾವು ದೋಹಾದಿಂದ ಬಂದವರೆಂದು ತಿಳಿದು ನಕ್ಕ. ಅವನೂ ಏಳು ವರ್ಷ ದೋಹಾದಲ್ಲಿ ಕಟ್ಟಡಗಳಿಗೆ ಕಬ್ಬಿಣದ ಅಟ್ಟಣಿಗೆ ಕಟ್ಟುತ್ತಿದ್ದನಂತೆ. ನಮ್ಮಿಬ್ಬರದೂ ದೋಹಾದಲ್ಲಿ ಕಲಿತ ಅರೆಬರೆ ಹಿಂದಿ, ಹಾಗಾಗಿ ಮಾತು ಸಲೀಸಾಯಿತು.

"ಭಾರ ಆಗುದಿಲ್ವಾ ಭಾಯಿ?" ಎಂದೆ.

"ಮಾಫಿ ಮುಶ್ಕಿಲ್, ಆಮಾ." ತೊಂದರೆ ಇಲ್ಲ ಎನ್ನಲು ಅಲ್ಲಿ ಕಲಿತ ಅರಬಿ ಮಾತನ್ನೇ ಆಡಿದ. "ಅಲ್ಲಿ ಬಿಸಿಲಿನಲ್ಲಿ ಕಬ್ಬಿಣ ಹೊತ್ತೆ. ಇಲ್ಲಿ ತಣ್ಣಗೆ ಅಕ್ಕಿ ಹೊರುತ್ತೇನೆ."

ನಮ್ಮವರು ಅವನನ್ನು "ಶೆರ್ಪಾ, ಶೆರ್ಪಾ" ಎಂದು ಕರೆಯುತ್ತಿದ್ದರು. ಅವನು ಶೆರ್ಪಾ ಅಲ್ಲ. ಅವನ ಊರು ಅಲ್ಲಿಂದ ಎಷ್ಟೋ ಕೆಳಗೆ, ಜೋಳ ಬೆಳೆಯುವ ಬೆಚ್ಚಗಿನ ಗುಡ್ಡಗಳಲ್ಲಿ. ಮೇಲಿನ ಊರುಗಳಿಗೆ ಅವನೂ ನಮ್ಮ ಹಾಗೆ ಹೊರಗಿನವನೇ. "ನಾನು ಮೇಲಿನ ನಾಮ್ಚೆ ಊರು ದಾಟಿ ಹೋಗುವುದು ಇದು ಎರಡನೇ ಸಲ" ಎಂದು ಅವನೇ ನನಗೆ ಹೇಳಿದ್ದ. ಇದನ್ನು ಮುಖಂಡರಿಗೆ ತಿಳಿಸಿದರೆ, "ಅಮ್ಮ, ಇವರಿಗೆಲ್ಲ ಬೆಟ್ಟ ಅಂದ್ರೆ ಅಭ್ಯಾಸ. ನೀವು ಸುಮ್ಮನೆ ತಲೆ ಬಿಸಿ ಮಾಡ್ಬೇಡಿ" ಎಂದರು.

ಶೆರ್ಪಾಗಳ ಊರುಗಳು ಚೆಂದ, ಅದನ್ನೂ ಹೇಳಬೇಕು. ಕಲ್ಲಿನ ಮೋಟುಗೋಡೆಗಳ ನಡುವೆ ಆಲೂಗೆಡ್ಡೆಯ ಗದ್ದೆಗಳು. ದಾರಿಯ ಮಧ್ಯದಲ್ಲಿ ಮಂತ್ರ ಕೆತ್ತಿದ ಬಂಡೆಗಳು. ಅವನ್ನು ಬಲಕ್ಕೆ ಬಿಟ್ಟು ಎಡಗಡೆಯಿಂದ ಹಾದುಹೋಗಬೇಕು. ನಮ್ಮವರು ಹೇಗೆ ಬೇಕೋ ಹಾಗೆ ನುಗ್ಗುತ್ತಿದ್ದರು. ಅವನು ಅಷ್ಟು ಹೊರೆಯಲ್ಲಿಯೂ ಪ್ರತಿ ಬಂಡೆಗೂ ಸುತ್ತು ಹಾಕಿಯೇ ನಡೆಯುತ್ತಿದ್ದ. ನಾನು ಅವನ ಹಿಂದೆ ನಡೆದೆ.

ನಾಮ್ಚೆಯಲ್ಲಿ ಮೊದಲ ಸಲ ಕುಕ್ಕರ್ ಇಟ್ಟೆ. ಲಾಡ್ಜಿನ ಒಡತಿ ನನ್ನದೇ ಪ್ರಾಯದ ಶೆರ್ಪಾ ಹೆಂಗಸು. ದಾರಿಯ ಪೆಟ್ಟಿಗೆ ಮುಚ್ಚಳ ಡೊಂಕಾಗಿ ಆವಿ ಸೋರುತ್ತಿತ್ತು; ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು, ಸೀಟಿಯೇ ಇಲ್ಲ. ಮುಚ್ಚಳ ತೆಗೆದರೆ ಅಕ್ಕಿ ಒಳಗೆ ಗಟ್ಟಿ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಕಾಳು ಮಾತ್ರ ಬೇಯುವುದಿಲ್ಲ. ಅವಳು ಒಂದು ಅಗುಳನ್ನು ಹಲ್ಲಿನಡಿ ಕಚ್ಚಿ ನೋಡಿ, "ಇದು ಅಕ್ಕಿಯೋ ಜಲ್ಲಿಯೋ? ಇದಕ್ಕೆ ನನ್ನ ಒಂದು ದಿನದ ಸೌದೆ ಹೋಯಿತಲ್ಲ!" ಎಂದು ಬೈದಳು. ನಾಚಿಕೆಯಿಂದ ಕುಗ್ಗಿಹೋದೆ. ಅಲ್ಲಿಯೇ ಆ ಚೀಲವನ್ನು ಬಿಟ್ಟು ಹೋಗಬಹುದಿತ್ತು. ನಾನು ಹಾಗೆಂದೆ ಕೂಡ, ಆದರೆ ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ. ಮುಖಂಡರು, "ರಾತ್ರಿ ನೆನೆ ಹಾಕಿ ಅಮ್ಮ, ಸರಿ ಆಗ್ತದೆ. ಬೇಸ್ ಕ್ಯಾಂಪಿನಲ್ಲಿ ಕುಚ್ಚಲಕ್ಕಿ ಗಂಜಿ ಉಂಡ ಫೋಟೋ ತೆಗೀಬೇಕು. ಇಷ್ಟರವರೆಗೆ ಯಾರೂ ಉಣ್ಲಿಲ್ಲ" ಎಂದರು. ಒಂದು ಫೋಟೋಗಾಗಿ ಆ ಚೀಲ ಮುಂದಕ್ಕೆ ಹೋಯಿತು.

ತಲೆಹೊರೆ ಹೊತ್ತವರಿಗೆ ಇನ್ನೊಬ್ಬರ ಕತ್ತು ನೋಡಿದರೆ ಭಾರ ತಿಳಿಯುತ್ತದೆ. ತೆಂಗ್‌ಬೊಚೆ ದಾಟುವಾಗ ಅವನ ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಹತ್ತು ಹೆಜ್ಜೆಗೊಮ್ಮೆ ಕೋಲನ್ನು ಬುಟ್ಟಿಯ ಅಡಿಗೆ ಕೊಟ್ಟು ನಿಲ್ಲುತ್ತಿದ್ದ. "ಮಾಫಿ ಮುಶ್ಕಿಲ್" ಎನ್ನುವುದನ್ನು ನಿಲ್ಲಿಸಿದ್ದ. ನಾನು ನೋಡಿದೆ, ಸುಮ್ಮನಿದ್ದೆ. ಮುಖಂಡರ ಮೇಲೆ ಎಷ್ಟು ಸಿಟ್ಟಿದೆಯೋ ಆ ಮಧ್ಯಾಹ್ನದ ನನ್ನ ಬಾಯಿಯ ಮೇಲೂ ಅಷ್ಟೇ ಇದೆ.

ಡಿಂಗ್‌ಬೊಚೆಯಲ್ಲಿ ಬೆಳಿಗ್ಗೆ ಎದ್ದಾಗ ಅವನು ಅಂಗಳದಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ. ಕಾಲು ಒಂದು ಕಡೆ, ಮೈ ಒಂದು ಕಡೆ. ಎರಡು ಸಲ ವಾಂತಿ ಮಾಡಿದ. ಬುಟ್ಟಿಯ ಹಗ್ಗ ಕಟ್ಟಲು ಕುಳಿತು, ಆ ಗಂಟು ಹಾಕುವುದನ್ನೇ ಮರೆತವನಂತೆ ಹಗ್ಗ ನೋಡುತ್ತಾ ಉಳಿದ. ನಮ್ಮವರಲ್ಲೊಬ್ಬ ನಗುತ್ತಾ, "ಫುಲ್ ಟೈಟ್ ಮಾರಾಯ! ರಾತ್ರಿ ಎಲ್ಲಿ ಹಾಕಿದ್ದಾನೋ" ಎಂದ. ನಾನು ಹತ್ತಿರ ಹೋಗಿ ಅವನ ಉಸಿರು ಮೂಸಿದೆ. ಹೆಂಡದ ವಾಸನೆ ಇರಲಿಲ್ಲ. "ತಲೆ ಒಡೆಯುತ್ತಿದೆ ಆಮಾ" ಎಂದಷ್ಟೇ ಹೇಳಿದ.

ನಮಗೆ ದಾರಿ ತೋರಿಸುತ್ತಿದ್ದ ಗೈಡ್ ಮಾತ್ರ ಶೆರ್ಪಾ. ಅವನು ನೋಡಿದ ಕೂಡಲೇ ಹೇಳಿದ: "ಎತ್ತರ ತಲೆಗೇರಿದೆ. ಈಗಲೇ ಇಳಿಸಬೇಕು. ಕೂತರೆ ಸಾಯುತ್ತಾನೆ. ನಾನೇ ಕರೆದುಕೊಂಡು ಹೋಗುತ್ತೇನೆ, ನೀವು ಎರಡು ದಿನ ಇಲ್ಲೇ ಇರಿ."

ಮುಖಂಡರು ಒಪ್ಪಲಿಲ್ಲ. "ಎರಡು ದಿನ ಕೂತ್ರೆ ನಮ್ಮ ಪ್ರೋಗ್ರಾಮ್ ಖಲಾಸ್. ಅವ್ನು ಇಲ್ಲಿಯವನೇ ಅಲ್ವಾ? ಒಬ್ಬನೇ ಇಳಿದು ಹೋಗ್ಲಿ. ಇಳಿಜಾರು ತಾನೇ?"

ಗೋಡೆ ಬಿಟ್ಟು ನಿಲ್ಲಲಾರದವನು ಒಬ್ಬನೇ ಇಳಿಯಬೇಕಂತೆ! ಒಂದು ಕಡೆ ಬೆಟ್ಟ, ಒಂದು ಕಡೆ ನದಿಯ ಪ್ರಪಾತ. ಉಳಿದ ಆರು ಜನ ಅವರವರ ಬೂಟಿನ ಲೇಸು ಕಟ್ಟುತ್ತಿದ್ದರು.  ದೋಹಾದಲ್ಲಿ ನಮ್ಮೂರಿನವರಿಗೆ ಸಣ್ಣ ಜ್ವರ ಬಂದರೂ ಕಾರು ತೆಗೆದುಕೊಂಡು ಓಡುವ ಜನ ಇವರೇ.

"ನಾನು ಹೋಗ್ತೇನೆ" ಎಂದೆ. ಈ ಸಲ ಕೇಳಿಸುವ ಹಾಗೆ ಬಂತು.

"ಅಮ್ಮ, ನೀವು ಹೋದ್ರೆ ಅಡುಗೆ?" ಎಂದರು ಮುಖಂಡರು.

ಈ ಮಾತನ್ನು ನಾನು ಸೇರಿಸಿ ಬರೆದದ್ದಲ್ಲ. ಅದನ್ನೇ ಕೇಳಿದರು.

ಗೈಡ್ ಒಂದು ಚೀಟಿಯಲ್ಲಿ ಕೆಳಗಿನ ಪಾಂಗ್‌ಬೊಚೆಯಲ್ಲಿದ್ದ ತನ್ನ ಅಕ್ಕನ ಲಾಡ್ಜಿನ ವಿವರ ಬರೆದುಕೊಟ್ಟು, "ನಿಲ್ಲಿಸಬೇಡಿ, ಮಲಗಲು ಬಿಡಬೇಡಿ" ಎಂದ. ನನ್ನ ಸೀರೆಯೊಂದನ್ನು ಹುಷಾರಿಲ್ಲದವನ ಸೊಂಟಕ್ಕೆ ಸುತ್ತಿ ತುದಿಯನ್ನು ನನ್ನ ಕೈಗೆ ಕಟ್ಟಿಕೊಂಡೆ. ಬೆಟ್ಟದ ಕಡೆ ಅವನು, ನದಿಯ ಕಡೆ ನಾನು. ನಡೆಯುತ್ತಾ ಮಾತಾಡಿಸಿದೆ. ದೋಹಾದಲ್ಲಿ ಎಲ್ಲಿ ಇದ್ದಿ, ಎಂತ ಅಡುಗೆ ಮಾಡ್ತಿದ್ದಿ, ಮಕ್ಕಳು ಎಷ್ಟು? ಮೊದಮೊದಲು ಉತ್ತರ ಬಂತು. ಆಮೇಲೆ ಒಂದೇ ಮಾತು: "ಕೂರುತ್ತೇನೆ ಆಮಾ." "ಇಲ್ಲ, ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಿಸುತ್ತಾ ನಾನು ಸೀರೆ ಎಳೆಯುತ್ತಿದ್ದೆ. ಅವನ ಎದೆಯಲ್ಲಿ ನೀರು ಗುಳುಗುಳು ಎನ್ನುವ ಸದ್ದು ನನಗೆ ಕೇಳಿಸುತ್ತಿತ್ತು. ಒಂದು ಕಡೆ ಜಾರಿ ಇಬ್ಬರೂ ಬಿದ್ದೆವು. ನನ್ನ ಮೊಣಕೈಯ ಗಾಯದ ಕಲೆಯನ್ನು ನೀವು ನೋಡಿದ್ದೀರಿ. ಎದುರು ಬಂದ ಹೊರದೇಶದ ಪ್ರವಾಸಿಗರು ನಮಗೆ ದಾರಿ ಬಿಟ್ಟುಕೊಟ್ಟು, ಫೋಟೋ ತೆಗೆದು, ಮುಂದೆ ಹೋದರು.

ಎರಡೂವರೆ ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ಗೈಡಿನ ಅಕ್ಕ ಅಂಗಳದಿಂದಲೇ ನೋಡಿ ಓಡಿಬಂದಳು. ಚೀಟಿ ಓದಲೂ ಇಲ್ಲ. ಕುದುರೆಯವನನ್ನು ಕೂಗಿ ಕರೆಸಿ, ನನ್ನ ಜೊತೆ ಬಂದವನನ್ನು ಕುದುರೆಗೆ ಕಂಬಳಿಯಿಂದ ಕಟ್ಟಿದಳು. ನಾಮ್ಚೆಯ ಮೇಲುಗಡೆಯ ಸಣ್ಣ ಆಸ್ಪತ್ರೆಗೆ ಸಂಜೆ ಬೆಳಕಿರುವಾಗಲೇ ತಲುಪಿದೆವು. ಡಾಕ್ಟರು ಅವನ ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟು, ನನ್ನ ಕಡೆ ತಿರುಗಿ, "ಇವನ ತಂಡದವರು ಎಲ್ಲಿ?" ಎಂದು ಕೇಳಿದರು.

"ಮೇಲೆ" ಎಂದೆ.

"ಮೇಲೆ ಎಂದರೆ?"

"ಗಂಜಿ ಉಣ್ಣಲು ಹೋಗಿದ್ದಾರೆ." ಡಾಕ್ಟರಿಗೆ ಅರ್ಥವಾಗಲಿಲ್ಲ, ನಳಿಗೆ ಸರಿಮಾಡಲು ತಿರುಗಿದರು.

ಮರುದಿನ ಅವನು ನನ್ನ ಗುರುತು ಹಿಡಿದ. ಮೂರನೆಯ ದಿನ ಚಹಾ ಕುಡಿದ. ಎದೆ ತಿಳಿಯಾಗಲು ಇನ್ನೂ ಕೆಲವು ದಿನ ಬೇಕು, ಮನೆಯವರು ಬರಲಿ ಎಂದರು ಡಾಕ್ಟರು. ಕೆಳಗಿನ ಊರಿಗೆ ಸುದ್ದಿ ಹೋಯಿತು.

ಆರನೆಯ ದಿನ ನಮ್ಮವರು ನಾಮ್ಚೆಗೆ ಇಳಿದು ಬಂದರು. ನಾನು ಲಾಡ್ಜಿಗೆ ಹೋದೆ. ಕೆನ್ನೆ ಸುಟ್ಟುಕೊಂಡು, ನಗುನಗುತ್ತಾ ಕುಳಿತಿದ್ದರು. ಮೇಲೆಯೂ ಅಕ್ಕಿ ಬೇಯಲಿಲ್ಲವಂತೆ. ಅರೆಬೆಂದದ್ದನ್ನೇ ಬಟ್ಟಲಿಗೆ ಹಾಕಿ ಫೋಟೋ ತೆಗೆದರಂತೆ. ಉಳಿದ ಅಕ್ಕಿಯನ್ನು ಅಲ್ಲಿ ಬಿಟ್ಟಿರಲಿಲ್ಲ. ಇನ್ನೊಬ್ಬ ಪೋರ್ಟರ್‌ನ ಬೆನ್ನಿಗೆ ಹೇರಿ ವಾಪಸ್ ತಂದಿದ್ದರು! ಆ ಚೀಲ ಮೂಲೆಯಲ್ಲೇ ಇತ್ತು.

"ಬನ್ನಿ ಅಮ್ಮ, ಬನ್ನಿ. ಇವತ್ತು ಒಂದು ಒಳ್ಳೆ ಗಂಜಿ ಆಗ್ಬಹುದಾ?" ಎಂದರು ಮುಖಂಡರು.

"ಅವ ಇಲ್ಲೇ ಆಸ್ಪತ್ರೆಯಲ್ಲಿ ಉಂಟು. ಒಂದೂವರೆ ಗಂಟೆ ದಾರಿ. ನೀವು ಮೊದಲು ಹೋಗಿ ಅವನನ್ನು ನೋಡಿ" ಎಂದೆ.

"ನಾಳೆ ಬೆಳಿಗ್ಗೆ ಹೊರಡ್ಬೇಕಲ್ಲ ಅಮ್ಮ, ಫ್ಲೈಟ್ ಉಂಟು. ಅವ ಬದುಕಿದ್ದಾನಲ್ಲ, ಸಾಕು."

"ಹಾಗಾದ್ರೆ ನೀವು ಹೋಗಿ. ಅವನ ಮನೆಯವರು ಬರುವ ತನಕ ನಾನು ಬರುದಿಲ್ಲ. ಗಂಜಿಯೂ ಮಾಡುದಿಲ್ಲ."

ಅವರ ಮುಖ ಕೆಂಪಾಯಿತು. "ನಿಮ್ಮ ಅಳಿಯನಿಗೆ ನಾನೆಂತ ಹೇಳ್ಬೇಕು?" ಎಂದರು. ಏನು ಹೇಳಿದರೋ ಗೊತ್ತಿಲ್ಲ. ನಿಮ್ಮ ಅಮ್ಮ ಫೋನಿನಲ್ಲಿ ಅತ್ತಳು, ನಿಮ್ಮ ಅಪ್ಪ ಆಫೀಸಿನಲ್ಲಿ ಮುಜುಗರವಾಯಿತೆಂದರು. ನಾನು ಉಳಿದೆ.

ಎರಡು ದಿನದ ಮೇಲೆ ಅವನ ಹೆಂಡತಿ ಬಂದಳು. ಊರಿನಿಂದ ಮೂರು ದಿನ ನಡೆದು ಬಂದಿದ್ದಳು, ಚಪ್ಪಲಿಯಲ್ಲಿ. ಗಂಡನ ಹಣೆ ಮುಟ್ಟಿ ನೋಡಿದಳು. ಇಬ್ಬರೂ ಅವರ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಅವನು ನನ್ನ ಕಡೆ ಕೈ ತೋರಿಸಿ ಏನೋ ಹೇಳಿದ. ಅವಳು ಈಗ ನನಗೆ ಕೈ ಮುಗಿಯುತ್ತಾಳೆ ಎಂದುಕೊಂಡು ನಾನು ಸಂಕೋಚದಿಂದ ಎದ್ದು ನಿಂತೆ.

ಅವಳು ಕೈ ಮುಗಿಯಲಿಲ್ಲ. ನನ್ನ ಮುಖಕ್ಕೆ ನೇರವಾಗಿ ಬೆರಳು ಮಾಡಿ ಬೈಯತೊಡಗಿದಳು. ಒಂದು ಶಬ್ದವೂ ತಿಳಿಯಲಿಲ್ಲ. ಅವನು ನಾಚಿಕೆಯಿಂದ ಗೋಡೆಯ ಕಡೆ ನೋಡುತ್ತಿದ್ದ.

"ಎಂತ ಹೇಳ್ತಾಳೆ ಭಾಯಿ? ಸರಿಯಾಗಿ ಹೇಳು" ಎಂದೆ.

"ಬಿಡಿ ಆಮಾ."

"ಹೇಳು."

"ನಮ್ಮ ದೇಶದಲ್ಲಿ ಅಕ್ಕಿ ಇಲ್ಲವೇ ಎಂದು ಕೇಳುತ್ತಾಳೆ. ನಿಮ್ಮ ಅಕ್ಕಿಯನ್ನು ನೀವೇ ಯಾಕೆ ಹೊರಲಿಲ್ಲ ಎಂದು ಕೇಳುತ್ತಾಳೆ."

ಡಾಕ್ಟರು ಬಾಗಿಲಿಗೆ ಬಂದು ಅವಳನ್ನು ಸುಮ್ಮನಿರಿಸಲು ನೋಡಿದರು. ಬೇಡ ಎಂದು ನಾನು ಕೈ ಅಡ್ಡ ಮಾಡಿದೆ. ಅಲ್ಲಿಯವರೆಗೆ ನನ್ನ ಸಿಟ್ಟೆಲ್ಲ ಆ ಏಳು ಜನರ ಮೇಲಿತ್ತು. ಅವಳ ಕಣ್ಣಿಗೆ ನಾವು ಎಂಟು ಜನ, ಅದು ಸರಿಯೇ ಆಗಿತ್ತು. ನಮ್ಮ ಕಡೆಯಿಂದ ಒಬ್ಬರಾದರೂ ಆ ಬೈಗುಳ ಕೇಳಬೇಕಿತ್ತು. ಅವಳಿಗೆ ಸುಸ್ತಾಗಿ ತಾನಾಗಿಯೇ ನಿಲ್ಲಿಸುವವರೆಗೆ ನಾನು ನಿಂತು ಕೇಳಿದೆ.